ಬೆರಳಗಲದ ಸಂದು

ಕೆರೆ ಯಾರದ್ದು ಎಂದು ಕೇಳಿದರೆ ಊರಿನವರೆಲ್ಲ ಒಂದೇ ಬಾಯಲ್ಲಿ ಎಲ್ಲರದ್ದು ಎನ್ನುತ್ತಿದ್ದರು. ಆದರೆ ತಂತಮ್ಮ ಹಿತ್ತಲಿನ ಎದುರಿಗೆ ಬರುವ ನೀರು ಮಾತ್ರ ತಮ್ಮದೇ ಎಂದು ಒಬ್ಬೊಬ್ಬರೂ ಒಳಗೊಳಗೇ ನಂಬಿದ್ದರು. ಈ ಎರಡು ಮಾತುಗಳ ನಡುವೆ ಉಳಿಯುವ ಇಕ್ಕಟ್ಟಿನ ಜಾಗದಲ್ಲಿ ಒಂದು ಕಚೇರಿ ಇತ್ತು. ಕಚೇರಿಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಈ ಕಥೆಯ ಸೊಸೆ.

ನೀರಿನಲ್ಲಿ ಯಾರು ಏನು ಕಟ್ಟುವುದಿದ್ದರೂ ಅವಳ ಮೇಜು ದಾಟಿಯೇ ಹೋಗಬೇಕಿತ್ತು. ದೋಣಿ ಹತ್ತಲು ಜೆಟ್ಟಿ ಬೇಕೆ, ದೋಣಿ ಕಟ್ಟಿಹಾಕಲು ಗೂಟ ಬೇಕೆ, ಲಂಗರಿಗೆ ಕಲ್ಲು ಇಳಿಸಬೇಕೆ, ಎಲ್ಲಕ್ಕೂ ಪರವಾನಗಿ. ಜೆಟ್ಟಿ ದಡದಿಂದ ಇಷ್ಟಕ್ಕಿಂತ ಮುಂದಕ್ಕೆ ಚಾಚಬಾರದು, ಪಕ್ಕದ ಮನೆಯವರಿಗೆ ಅಡ್ಡಬರಬಾರದು, ನಡುನೀರಿನಲ್ಲಿ ಹೋಗುವವರ ದಾರಿ ಕಟ್ಟಬಾರದು. ಜನರ ತಲೆ ತಿನ್ನುತ್ತಿದ್ದ ನಿಯಮ ಇವು ಯಾವುದೂ ಅಲ್ಲ, ಇನ್ನೊಂದು. ಜೆಟ್ಟಿಯ ಹಲಗೆಗೂ ಹಲಗೆಗೂ ನಡುವೆ ಬೆರಳಗಲದ ಸಂದು ಬಿಡಬೇಕು. ಸಂದಿನಿಂದ ಬಿಸಿಲು ಇಳಿದರೆ ಕೆಳಗಿನ ಜೊಂಡು ಬದುಕುತ್ತದೆ, ಜೊಂಡು ಬದುಕಿದರೆ ಮೀನಿನ ಮರಿಗೆ ಮನೆಯಾಗುತ್ತದೆ. ಬೆಳಕಿನಲ್ಲಿ ಮೀನಿಗೂ ಒಂದು ಪಾಲು ಇಟ್ಟ ಆ ಸಾಲು ಅವಳಿಗೆ ಇಡೀ ನಿಯಮಾವಳಿಯಲ್ಲೇ ಬಹಳ ಇಷ್ಟ. ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ, ಊರಿನಲ್ಲಿ ಅವಳಿಗೆ ಸಂದಿನ ಮೇಡಂ ಎಂಬ ಹೆಸರು ಬಿದ್ದಿತ್ತು.

ವಿಧಿಯ ಕುಚೋದ್ಯ ನೋಡಿ, ಇಂಥವಳಿಗೆ ಸಿಕ್ಕ ಮಾವ ದೋಣಿ ಮೇಸ್ತ್ರಿ. ಅಂದರೆ ಜೀವಮಾನವಿಡೀ ಸಂದು ಮುಚ್ಚಿದ ಮನುಷ್ಯ.

ಹಲಗೆ ಜೋಡಿಸುವುದು, ನಡುವಿನ ಸಂದಿಗೆ ಸೆಣಬಿನ ನಾರು ತುರುಕುವುದು, ಕುದಿಯುವ ರಾಳ ಎರೆಯುವುದು, ಬೆರಳು ಆಡಿಸಿ ನೋಡುವುದು. ಈ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕೈ ಬಿಟ್ಟಿರಲಿಲ್ಲ. ಮನೆಯ ಕಿಟಕಿಗಳ ಸಂದು ತುಂಬಿದ್ದರು, ಕಪಾಟಿನ ಸಂದು ತುಂಬಿದ್ದರು. ಬಾಗಿಲು ಎಷ್ಟು ಬಿಗಿಯೆಂದರೆ ಹೊಸದಾಗಿ ಮನೆಗೆ ಬಂದ ದಿನ ಸೊಸೆ ಅದನ್ನು ಹೆಗಲು ಕೊಟ್ಟು ತಳ್ಳಬೇಕಾಯಿತು. ಪ್ರಳಯ ಬಂದರೆ ಊರೆಲ್ಲ ಮುಳುಗಿ ನಮ್ಮ ಮನೆಯೊಂದೇ ತೇಲುತ್ತದೆ, ಆಗ ಒಳಗೆ ಬಿಟ್ಟುಕೊಳ್ಳಿ ಅಂತ ನಿಮ್ಮ ಕಚೇರಿಯ ದೊಡ್ಡ ಸಾಹೇಬರೇ ಬಂದು ಬಾಗಿಲು ಬಡಿಯುತ್ತಾರೆ ಎಂದು ಅತ್ತೆ ಅವಳಿಗೆ ಆಗಾಗ ಹೇಳುತ್ತಿದ್ದರು. ಸೊಸೆಯ ಗಂಡ ಲಾರಿಯ ಮೇಲೆ ಊರೂರು ಸುತ್ತುವವನು. ಮನೆಯ ಯಾವ ವಿಷಯ ಕೇಳಿದರೂ ಫೋನಿನಲ್ಲಿ ನೀವು ನೀವೇ ನೋಡಿಕೊಳ್ಳಿ ಎಂದು ಗೇರು ಬದಲಿಸುತ್ತಿದ್ದ.

ಕಥೆ ಶುರುವಾಗಿದ್ದು ಅತ್ತೆಯ ಮಂಡಿಯಿಂದ. ಮಂಡಿಗೆ ಆಪರೇಷನ್ ಆದಮೇಲೆ ಅವರು ಮನೆಯಲ್ಲಿ ಓಡಾಡುತ್ತಿದ್ದರು, ಹಿತ್ತಲಿಗೆ ಇಳಿಯುತ್ತಿದ್ದರು, ಆದರೆ ದಡದಿಂದ ಓಲಾಡುವ ದೋಣಿಗೆ ಕಾಲು ಇಳಿಸಲು ಮಾತ್ರ ಆಗುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಅದಕ್ಕಿಂತ ಎತ್ತರ. ಕೆರೆಯ ಆಚೆ ದಡದಲ್ಲಿ ಅವರ ಅಕ್ಕನ ಮನೆ. ಅಕ್ಕನಿಗೆ ಕಿವಿ ಮಂದ, ಫೋನು ಹಚ್ಚಿದರೆ ಹಲೋ ಎಂಬುದೊಂದನ್ನೇ ಮತ್ತೆ ಮತ್ತೆ ಹೇಳಿ ಇಟ್ಟುಬಿಡುತ್ತಿದ್ದಳು. ಎದುರು ಕೂತು ತುಟಿ ನೋಡಿದರೆ ಎಲ್ಲ ಅರ್ಥವಾಗುತ್ತಿತ್ತು. ಹೇಳದಿದ್ದದ್ದೂ ಅರ್ಥವಾಗುತ್ತಿತ್ತು. ಈಗ ಬೆಳಗ್ಗೆ ಆಚೆ ದಡದಲ್ಲಿ ಒಂದು ಕೆಂಪು ಟವೆಲ್ ಹಾರಾಡಿದರೆ ಅಕ್ಕ ಎದ್ದಳು ಎಂದು ಅರ್ಥ. ಈಚೆ ದಡದಲ್ಲಿ ಹಳದಿ ಟವೆಲ್ ಏರಿದರೆ ತಂಗಿಯೂ ಎದ್ದಳು ಎಂದು. ಮೊದಲು ವಾರಕ್ಕೊಮ್ಮೆ ಕೂತು ಇಸ್ಪೀಟು ಆಡಿ, ಒಬ್ಬರಿಗೊಬ್ಬರು ಮೋಸ ಮಾಡಿ, ಬೈದಾಡಿ ಬರುತ್ತಿದ್ದವರ ಸಂಸಾರ ಎರಡು ಟವೆಲ್ಲಿಗೆ ಇಳಿದಿತ್ತು.

"ಸಾಯೋದ್ರೊಳಗೆ ಅವಳನ್ನ ಒಂದ್ಸಲ ಇಸ್ಪೀಟಲ್ಲಿ ಸೋಲಿಸ್ಬೇಕು ಕಣೆ, ಅಷ್ಟೇ ನನ್ನ ಆಸೆ" ಎಂದು ಅತ್ತೆ ಒಂದು ದಿನ ಹೇಳಿದರು. ನಗುತ್ತಲೇ ಹೇಳಿದರು. ಹೇಳಿ ಆದಮೇಲೆ ಬಹಳ ಹೊತ್ತು ನೀರಿನ ಕಡೆ ನೋಡುತ್ತ ಕೂತರು. ಆ ಮಾತು ಮಾವನ ಕಿವಿಗೂ ಬಿತ್ತು.

ದಡದ ಮಟ್ಟಕ್ಕೆ ಒಂದು ಜೆಟ್ಟಿ ಇದ್ದರೆ ಆಕೆ ಅದರ ಮೇಲೆ ನಡೆದುಹೋಗಿ, ಕುರ್ಚಿಯಲ್ಲಿ ಕೂತು, ಅಲ್ಲಿಂದ ಮೆಲ್ಲಗೆ ದೋಣಿಗೆ ಇಳಿಯಬಹುದು. ಮಾವ ಮಾರನೆಯ ದಿನವೇ ಮರ ತರಲು ಹೊರಟರು. ಸೊಸೆ ಅಡ್ಡ ನಿಂತು, ಮೊದಲು ಅರ್ಜಿ ಕೊಡಬೇಕು ಎಂದಳು. ಮಾವನಿಗೆ ನಗು ಬಂತು. ಮನೆಯೊಳಗೇ ಸರ್ಕಾರ ಇಟ್ಟುಕೊಂಡು ಅರ್ಜಿ ಯಾರಿಗೆ ಕೊಡುವುದು ಎಂದರು. ಮನೆಯೊಳಗೇ ಇರುವುದರಿಂದಲೇ ಕೊಡಬೇಕು, ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯಿತು ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದು ಅವಳು ಹೇಳಿದಳು. ಅರ್ಜಿಯನ್ನು ತನ್ನ ಮೇಜಿನ ಮೇಲೆ ಇಟ್ಟುಕೊಳ್ಳದೆ ನೇರ ದೊಡ್ಡ ಸಾಹೇಬರಿಗೆ ಕಳಿಸಿದಳು.

ದೊಡ್ಡ ಸಾಹೇಬರನ್ನು ಊರಿನವರು ಗೇಣು ಸಾಹೇಬರು ಎನ್ನುತ್ತಿದ್ದರು. ಟೇಪು ಜೇಬಿನಲ್ಲೇ ಇದ್ದರೂ ಕೈಗೆ ಮೊದಲು ಬರುತ್ತಿದ್ದದ್ದು ಅವರ ಗೇಣು. ವರ್ಷಾನುಗಟ್ಟಲೆ ನೀರಿನ ಇಲಾಖೆಯಲ್ಲೇ ಇದ್ದು, ಈಜು ಬರದ, ದೋಣಿ ಹತ್ತದ ಮನುಷ್ಯ. ದಡದಲ್ಲಿ ನಿಂತೇ ಇಡೀ ಕೆರೆಯನ್ನು ಆಳುತ್ತಿದ್ದರು. ಅವರು ಅರ್ಜಿ ನೋಡಿ ಪರವಾನಗಿ ಕೊಟ್ಟರು. ಷರತ್ತುಗಳ ಕೊನೆಯಲ್ಲಿ ಕೆಂಪು ಗೆರೆ ಎಳೆದು ಸಂದಿನ ಮಾತು ಹಾಕಿದ್ದರು. ಸಂದು ಇಲ್ಲದಿದ್ದರೆ ಪರವಾನಗಿ ರದ್ದು, ಮೂರು ವರ್ಷ ಇನ್ನೊಂದು ಅರ್ಜಿ ಹಾಕುವಂತಿಲ್ಲ.

ಮಾವ ಕೆಲಸಕ್ಕೆ ಇಳಿದರು. ತೇಲುವ ಜೆಟ್ಟಿಗೆ ಎಲ್ಲರೂ ಕೆಳಗೆ ಪ್ಲಾಸ್ಟಿಕ್ ಪೀಪಾಯಿ ಕಟ್ಟುತ್ತಾರೆ. ಪೀಪಾಯಿಯ ಮೇಲೆ ನಿಲ್ಲುವವರು ಸರ್ಕಸ್ಸಿನವರು, ನನ್ನ ಹೆಂಡತಿಯಲ್ಲ ಎಂದು ಮಾವ ಕೆಳಗೆ ಎರಡು ಸಪೂರ ದೋಣಿಗಳನ್ನೇ ಕಟ್ಟಿ, ಎರಡನ್ನೂ ಸೇರಿಸಿ ಮೇಲೆ ಹಲಗೆ ಹಾಸಿದರು. ಸೊಸೆ ಸಂಜೆ ಬಂದು ನೋಡಿದಾಗ ಹಲಗೆಗಳ ನಡುವೆ ಬೆರಳಗಲದ ಸಂದು ಸಾಲಾಗಿ ಇತ್ತು. ಬಗ್ಗಿ ನೋಡಿದಳು. ಕೆಳಗೆ ನೀರು, ನೀರಿನ ಮೇಲೆ ಬಿಸಿಲಿನ ಪಟ್ಟೆ. ಅವಳಿಗೆ ತನ್ನ ನಿಯಮವೇ ಮೈತಳೆದು ಬಂದು ನಿಂತ ಹಾಗೆ ಅನ್ನಿಸಿತು.

ಮುಂದಿನ ವಾರ ಒಂದು ಸಂಜೆ ಹಿತ್ತಲಿನಿಂದ ರಾಳದ ವಾಸನೆ ಬಂತು. ಅವಳು ಚೀಲ ಕೆಳಗಿಡದೆ ದಡಕ್ಕೆ ಓಡಿದಳು. ಜೆಟ್ಟಿ ಮೇಜಿನ ಹಲಗೆಯ ಹಾಗೆ ನುಣ್ಣಗೆ, ಒಂದೇ ಮೈಯಾಗಿ ಹೊಳೆಯುತ್ತಿತ್ತು. ಮಾವ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಮಾವ, ಸಂದು?"

"ಇತ್ತು."

"ಈಗ?"

ಮಾವ ಹಲಗೆಯ ಮೇಲೆ ಬೆರಳು ಆಡಿಸಿದರು. "ಏನೋ ಅರ್ಧಕ್ಕೆ ಬಿಟ್ಟಂಗೆ ಕಾಣ್ತಿತ್ತಮ್ಮ. ನೋಡಿದವರು ಮೇಸ್ತ್ರಿಗೆ ಕೈ ನಡೀತಿಲ್ಲ ಅಂದ್ಕೋತಾರೆ" ಎಂದರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅವರು ಬೇಕೆಂದು ಮುಚ್ಚಿದ್ದಲ್ಲ. ಒಂದು ಹಲಗೆಯ ಅಂಚು ಒರಟಾಗಿದೆಯೆಂದು ಉಜ್ಜಲು ಕೂತಿದ್ದರಂತೆ. ಪಕ್ಕದಲ್ಲಿ ನಾರಿನ ಉಂಡೆ ಇತ್ತು, ಒಲೆಯಲ್ಲಿ ರಾಳ ಇತ್ತು. ಕೈ ತನ್ನ ಪಾಡಿಗೆ ತಾನು ಹೋಗಿತ್ತು. ತಲೆಗೆ ಗೊತ್ತಾಗುವ ಹೊತ್ತಿಗೆ ಕೊನೆಯ ಸಂದು ಬಂದಿತ್ತು. ಸೊಸೆ ಅಂದು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಶುಕ್ರವಾರ ಸಾಹೇಬರು ನೋಡಲು ಬರುತ್ತಾರೆ, ರದ್ದು ಮಾಡಿದರೆ ಮೂರು ವರ್ಷ, ಅತ್ತೆಗೆ ಮೂರು ವರ್ಷ ಎಂದರೇನು ಎಂದು ನೀವೇ ಯೋಚಿಸಿ, ಅಷ್ಟೂ ಸಂದು ಬಿಚ್ಚಿ ಎಂದಳು. ದನಿ ಕಚೇರಿಯ ದನಿಯಾಗಿತ್ತು. ಅದು ಅವಳಿಗೇ ಕೇಳಿಸಿತು, ಆದರೆ ಬಾಯಿಂದ ಬಿದ್ದಾಗಿತ್ತು.

ಮಾವ ಮಾತು ಬಿಟ್ಟರು.

ಮೌನದಲ್ಲೂ ತರಾವರಿ ಇದೆ. ಉಂಡಮೇಲಿನ ಮೌನ ಬೇರೆ, ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದ ಮೌನ ಬೇರೆ. ಮಾವನದ್ದು ರಾಳ ಎರೆದ ಮೌನ, ಉಗುರು ಹಾಕಲೂ ಎಡೆಯಿಲ್ಲ. ಮನೆಯಲ್ಲಿ ಎಲ್ಲೂ ಒಂದು ಸಂದು ಇಲ್ಲದ್ದರಿಂದ ಅದು ಹೊರಗೆ ಹೋಗಲು ದಾರಿಯೂ ಇರಲಿಲ್ಲ. ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ, ಮಡಚಿಟ್ಟ ಬಟ್ಟೆಗಳ ನಡುವೆ ತುಂಬಿಕೊಂಡು ಕೂತಿತು. ಸೊಸೆಗೆ ಅದರಲ್ಲಿ ಕೋಪಕ್ಕಿಂತ ಹೆಚ್ಚಾಗಿ ಬೇರೆ ಏನೋ ಕೇಳಿಸುತ್ತಿತ್ತು. ಏನೆಂದು ಬಗೆಹರಿಯಲಿಲ್ಲ. ಒಬ್ಬ ಮನುಷ್ಯ ಜೀವಮಾನವಿಡೀ ಚೆನ್ನಾಗಿ ಮಾಡಿದ್ದನ್ನೇ ತಪ್ಪು ಎಂದು ಹೇಳಿದರೆ ಅವನು ಏನು ಮಾತಾಡಬೇಕು ಎಂದು ಯೋಚಿಸಿದಳು. ಹಾಗೆಂದು ಮೀನಿನ ಪಾಲನ್ನು ಮಾವನಿಗೆ ಬರೆದುಕೊಡಲೂ ಆಗದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು, ನೊಗ ಮಾತ್ರ ಅವಳ ಹೆಗಲ ಮೇಲೆ.

ನಡುವೆ ಅತ್ತೆ ಅಂಚೆಯವರಾದರು. ಮೂವರೂ ಒಂದೇ ಕೋಣೆಯಲ್ಲಿ ಕೂತಿದ್ದರೂ ಮಾತು ಅತ್ತೆಯ ಮೂಲಕವೇ ಹೋಗಿಬರಬೇಕು. ಅಂಚೆಯವರು ಕಾಗದ ತಲುಪಿಸಿದರೆ ಸಾಕು. ಇವರು ದಾರಿಯಲ್ಲಿ ಒಡೆದು, ತಿದ್ದಿ, ಒಂದಿಷ್ಟು ಸೇರಿಸಿ ಕೊಡುತ್ತಿದ್ದರು. ಸಂದು ಬಿಚ್ಚಿದರಾ ಎಂದು ಸೊಸೆ ಕೇಳಿದರೆ, "ಏನ್ರೀ, ನಿಮ್ಮಂಥ ಕೆಲಸಗಾರ ಈ ಕೆರೆ ಸುತ್ತ ಇಲ್ವಂತೆ, ಆದ್ರೂ ಸ್ವಲ್ಪ ಕೆಟ್ಟದಾಗಿ ಮಾಡೋಕೆ ಆಗುತ್ತಾ ಅಂತ ಸೊಸೆ ಕೇಳ್ತಿದ್ದಾಳೆ" ಎಂದು ಹೇಳುತ್ತಿದ್ದರು. ಮಾವ ಗೋಡೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರೆ, ಅದನ್ನು ಅತ್ತೆ, "ನಿಮ್ಮ ಮಾವ ಯೋಚ್ನೆ ಮಾಡ್ತೀನಿ ಅಂದ್ರು" ಎಂದು ತರ್ಜುಮೆ ಮಾಡುತ್ತಿದ್ದರು.

ಗುರುವಾರ ಮಧ್ಯಾಹ್ನದ ಮೇಲೆ ಮಾವ ಉಳಿ ಹಿಡಿದು ದಡಕ್ಕೆ ಹೋದರು. ಸೊಸೆ ಅಡುಗೆಮನೆಯ ಕಿಟಕಿಯಿಂದ ಅವರ ಬೆನ್ನನ್ನು ನೋಡಿದಳು. ಕೆರೆಯುವ ಸದ್ದು ಸ್ವಲ್ಪ ಹೊತ್ತು ಬಂತು, ನಿಂತಿತು. ಮತ್ತೆ ಬಂತು, ನಿಂತಿತು. ಆಮೇಲೆ ಬರಲೇ ಇಲ್ಲ. ಬೆನ್ನು ಮಾತ್ರ ಕತ್ತಲಾಗುವವರೆಗೆ ಅಲ್ಲೇ ಇತ್ತು. ಹೋಗಿ ನೋಡಬೇಕು ಎಂದುಕೊಂಡಳು, ಹೋಗಲಿಲ್ಲ. ನೋಡಿದರೆ ಮತ್ತೆ ಕಚೇರಿಯ ದನಿ ಬಂದುಬಿಡುತ್ತದೇನೋ ಎಂಬ ಅಂಜಿಕೆ.

ಶುಕ್ರವಾರ ಗೇಣು ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಬೂಟು ಹಾಕಿಕೊಂಡು ಅವಳ ಜೊತೆ ಬಂದರು. ಹಿತ್ತಲಿಗೆ ಇಳಿದು ನೋಡಿದರೆ ಅತ್ತೆ ಆಗಲೇ ಜೆಟ್ಟಿಯ ನಡುಮಧ್ಯೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಮಡಿಲಲ್ಲಿ ಚೀಲ, ಚೀಲದಲ್ಲಿ ಇಸ್ಪೀಟು ಕಟ್ಟು. ಪಕ್ಕದಲ್ಲಿ ದೋಣಿ ಓಲಾಡುತ್ತಿದೆ. ಮಾವ ಹಗ್ಗದ ಹತ್ತಿರ ನಿಂತಿದ್ದಾರೆ, ಮುಖದಲ್ಲಿ ಅದೇ ರಾಳ.

"ಪರವಾನಗಿ ಇರುತ್ತೋ ಹೋಗುತ್ತೋ, ನಾನಂತೂ ಇವತ್ತು ಅಕ್ಕನ ಮನೆಗೆ ಹೋಗೋದೇ" ಎಂದರು ಅತ್ತೆ. "ರದ್ದು ಮಾಡೋದಿದ್ರೆ ನಾನು ಹೋದ್ಮೇಲೆ ಮಾಡಿ ಸಾಹೇಬ್ರೇ."

ಸಾಹೇಬರು ಒಂದು ಕಾಲು ಇಟ್ಟು ನೋಡಿದರು. ಅಲ್ಲಾಡಲಿಲ್ಲ. ಇನ್ನೊಂದು ಇಟ್ಟರು. ಅದೂ ಸರಿಹೋದದ್ದು ಕಂಡು ಅವರಿಗೇ ಆಶ್ಚರ್ಯವಾಯಿತು. ಮೊಣಕಾಲೂರಿ ಗೇಣು ಹಾಕಿದರು, ಜೇಬಿನಿಂದ ಪೆನ್ಸಿಲ್ ತೆಗೆದು ಹಲಗೆಗಳ ನಡುವೆ ಇಳಿಸಲು ನೋಡಿದರು. ಇಳಿಯಲಿಲ್ಲ. ಮುಂದಿನದಕ್ಕೆ ಸರಿದರು. ಅಲ್ಲೂ ಇಲ್ಲ. ಹಾಗೆ ಮೊಣಕಾಲಲ್ಲೇ ಸರಿಯುತ್ತ ಸರಿಯುತ್ತ ಅತ್ತೆಯ ಕುರ್ಚಿಯನ್ನು ಸುತ್ತುಹಾಕಿ ಆಚೆ ತುದಿಗೆ ಹೋದರು. ಒಂದೊಂದು ಹಲಗೆಗೂ ಅವರ ಹುಬ್ಬು ಒಂದು ಗೆರೆ ಮೇಲೇರುತ್ತಿತ್ತು. ಕಟ್ಟಕಡೆಯ ಹಲಗೆಯ ಪಕ್ಕದಲ್ಲಿ ಪೆನ್ಸಿಲ್ ಒತ್ತಿದರು. ಅದು ಸುಳಿವಿಲ್ಲದೆ ಜಾರಿ ಕೆಳಗೆ ಬಿತ್ತು. ಗುಳುಕ್ ಎಂದಿತು ನೀರು.

ಎಲ್ಲರೂ ಆ ಸಂದನ್ನು ನೋಡಿದರು. ಒಂದೇ ಒಂದು. ಅಂಚುಗಳು ಅಲ್ಲಲ್ಲಿ ಉಳಿಗೆ ಸಿಕ್ಕಿ ಕಿತ್ತುಹೋಗಿದ್ದವು. ಅಷ್ಟು ಒರಟು ಕೆಲಸ ಆ ಕೈಯಿಂದ ಬಂದದ್ದನ್ನು ಸೊಸೆ ಎಂದೂ ನೋಡಿರಲಿಲ್ಲ.

"ಒಂದು ಬಿಚ್ದೆ" ಎಂದರು ಮಾವ. ನೋಡುತ್ತಿದ್ದದ್ದು ಸಾಹೇಬರನ್ನಲ್ಲ, ಸೊಸೆಯನ್ನು. "ಇನ್ನೊಂದಕ್ಕೆ ಕೈ ಬರ್ಲಿಲ್ಲಮ್ಮ."

ಸಾಹೇಬರು ಎದ್ದು ಮೊಣಕಾಲು ಝಾಡಿಸಿಕೊಂಡು, ಒಂದು ಸಂದಿಗೆ ಒಂದು ಮೀನು ಬದುಕಬಹುದು ಅಷ್ಟೇ, ತಮಗೆ ಬೇಸರವೇ, ಆದರೆ ಇದನ್ನು ಜೆಟ್ಟಿ ಎಂದು ಒಪ್ಪುವ ಹಾಗಿಲ್ಲ ಎಂದರು.

ಒಪ್ಪುವ ಹಾಗಿಲ್ಲ ಎಂಬ ಆ ಮಾತು ಸೊಸೆಯ ತಲೆಯಲ್ಲಿ ಒಂದು ಸುತ್ತು ಹಾಕಿತು. ಅವಳು ಮಾವನ ಕೆಲಸವನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಕೆಳಗೆ ಎರಡು ದೋಣಿ, ಮುಂದೆ ನೀರು ಸೀಳುವ ಚೂಪು ಮೂತಿ. ಅಭ್ಯಾಸಬಲದಿಂದ ಪಕ್ಕಕ್ಕೆ ಹುಟ್ಟು ಸಿಕ್ಕಿಸುವ ಗೂಟಗಳನ್ನೂ ಇಟ್ಟಿದ್ದರು. ಅದನ್ನು ಅವಳು ಇಷ್ಟು ದಿನ ಹೇಗೆ ಗಮನಿಸಲಿಲ್ಲ?

"ಸಾರ್, ನೀವು ಹೇಳೋದು ಸರಿ" ಎಂದಳು. "ಇದು ಜೆಟ್ಟಿ ಅಲ್ಲ."

"ಅಲ್ವಾ? ಮತ್ತೆ ನಾನು ಯಾವುದರ ಮೇಲೆ ನಿಂತಿದ್ದೀನಮ್ಮ?"

ನಿಯಮಾವಳಿ ಅವಳಿಗೆ ಬಾಯಿಪಾಠ. ಒಂದೇ ಕಡೆ ನಿಂತು ದೋಣಿ ಹತ್ತಲು ನೆರವಾದರೆ ಜೆಟ್ಟಿ. ನೀರು ಒಳಗೆ ಬಿಡದೆ ತೇಲಿ, ಜನರನ್ನು ಒಂದು ದಡದಿಂದ ಇನ್ನೊಂದಕ್ಕೆ ಒಯ್ದರೆ ದೋಣಿ. ದೋಣಿಗೆ ಸಂದು ಬಿಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ, ಹೇಳಿದರೆ ನಾವು ಯಾರೂ ಉಳಿಯುವುದಿಲ್ಲ. ಓಡಾಡುವ ದೋಣಿಯ ನೆರಳು ಒಂದೇ ಕಡೆ ಕೂರುವುದಿಲ್ಲ, ಜೊಂಡಿಗೂ ತೊಂದರೆಯಿಲ್ಲ. ಇದು ತನ್ನ ಮನೆಯ ವಿಷಯ, ತೀರ್ಮಾನ ತನ್ನದಲ್ಲ, ಇರುವುದನ್ನು ಹೇಳಿದೆ ಅಷ್ಟೇ ಎಂದು ಸೇರಿಸಿದಳು.

ಸಾಹೇಬರು ಗಲ್ಲ ಕೆರೆದುಕೊಂಡರು. ನ್ಯಾಯವಂತರು, ಮಾತು ತೂಗಿ ನೋಡದೆ ಬಿಡುವವರಲ್ಲ. ಹೋದರೆ ದೋಣಿ, ಹೋಗದಿದ್ದರೆ ಜೆಟ್ಟಿ, ಜೆಟ್ಟಿಯಾದರೆ ರದ್ದು ಎಂದು ತೀರ್ಪು ಕೊಟ್ಟರು. ಹಾಗಾದರೆ ಹೋಗಿ ನೋಡಬೇಕಲ್ಲ ಎಂದು ಅವರ ಬಾಯಿಂದ ಬರುವಷ್ಟರಲ್ಲಿ ಅತ್ತೆ ಚೀಲ ಅಪ್ಪಿಕೊಂಡು, "ಏನ್ರೀ, ಹಗ್ಗ" ಎಂದರು.

ಮಾವ ಹಗ್ಗ ಬಿಚ್ಚಿದರು. ಇಳಿಯಲು ಸಾಹೇಬರು ಕಾಲೆತ್ತಿದಾಗ ದಡ ಆಗಲೇ ದೂರ ಹೋಗಿತ್ತು.

ಪಕ್ಕದ ದೋಣಿಯಿಂದ ಎತ್ತಿಕೊಂಡ ಹುಟ್ಟು, ಮಾವನದ್ದೊಂದು, ಸೊಸೆಯದ್ದೊಂದು. ಮೊದಲು ಅದು ತನಗೇ ನಂಬಿಕೆ ಬರದ ಹಾಗೆ ಒಂದು ಸುತ್ತು ತಿರುಗಿತು. ಆಮೇಲೆ ಮದುವಣಗಿತ್ತಿಯ ಹಾಗೆ ನಿಧಾನ, ಆದರೆ ನೆಟ್ಟಗೆ ನಡೆಯಿತು. ಸಾಹೇಬರು ಅತ್ತೆಯ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು. ಹೆದರಬೇಡಿ, ಈ ಮನುಷ್ಯ ಕಟ್ಟಿದ್ದರೊಳಗೆ ಇಷ್ಟು ವರ್ಷದಲ್ಲಿ ಒಂದು ತೊಟ್ಟು ನೀರು ಬಂದಿಲ್ಲ, ಒಂದು ಮಾತು ಹೊರಗೂ ಹೋಗಿಲ್ಲ ಎಂದು ಅತ್ತೆ ಸಮಾಧಾನ ಹೇಳಿದರು. ನಡುನೀರಿಗೆ ಬಂದಾಗ ಸಾಹೇಬರು ಒಂದು ಕಣ್ಣು ತೆರೆದರು. ತಾವು ಇಷ್ಟು ಕಾಲ ಆಳಿದ ಕೆರೆಯನ್ನು ಮೊದಲ ಸಲ ನಡುವಿನಿಂದ ನೋಡಿ, ಇನ್ನೊಂದನ್ನೂ ತೆರೆದರು.

ಆಚೆ ದಡದಲ್ಲಿ ಅಕ್ಕ ಟವೆಲ್ ಹಿಡಿದುಕೊಂಡೇ ನಿಂತಿದ್ದಳು. ಕುರ್ಚಿ, ಕುರ್ಚಿಯಲ್ಲಿ ತಂಗಿ, ಹಿಂದೆ ಬೂಟು ಹಾಕಿದ ಅಧಿಕಾರಿ, ಎಲ್ಲವೂ ನೀರಿನ ಮೇಲೆ ನಡೆದು ಬರುವುದನ್ನು ನೋಡಿದಳು. ದಡಕ್ಕೆ ತಾಗುವವರೆಗೆ ಕಾದು ಕೇಳಿದಳು:

"ಏನೇ, ಮನೆ ಅಂಗಳಾನೇ ಕಿತ್ಕೊಂಡು ಬಂದ್ಯಾ?"

ಹಲಗೆಯೂ ದಡದ ಕಲ್ಲೂ ಒಂದೇ ಮಟ್ಟಕ್ಕಿದ್ದವು. ಅತ್ತೆ ಎದ್ದರು. ಹಿಡಿಯಲು ಬಂದ ಸೊಸೆಯ ಕೈಯನ್ನು ಬೇಡವೆಂದು ಸರಿಸಿ, ಪಡಸಾಲೆಯಿಂದ ಅಡುಗೆಮನೆಗೆ ಹೋಗುವವರ ಹಾಗೆ ನಡೆದು ದಡಕ್ಕೆ ಹೋದರು. ಅಕ್ಕ ತಂಗಿಯರು ಎದುರು ಬದುರು ನಿಂತರು. ಅಕ್ಕ ತಂಗಿಯ ತುಟಿಯನ್ನೇ ನೋಡುತ್ತಿದ್ದಳು, ತುಟಿ ನಡುಗುತ್ತಿತ್ತು, ಅದೂ ಅವಳಿಗೆ ಅರ್ಥವಾಗಿರಬೇಕು. "ನಡಿ, ಎಲೆ ಹಂಚು" ಎಂದಳು.

ಸಾಹೇಬರು ಗಟ್ಟಿ ನೆಲ ಸಿಕ್ಕ ಖುಷಿಯಲ್ಲಿ, ಇದು ದೋಣಿಯೇ, ಯಾವ ಸಂಶಯವೂ ಇಲ್ಲ ಎಂದು ಘೋಷಿಸಿದರು. ತಿರುಗಿ ನೀರಿನ ಮೇಲೆ ಹೋಗುವ ಮಾತು ಬಂದಾಗ ಅವರ ಮುಖ ಸಣ್ಣದಾಯಿತು. ಆಟಕ್ಕೆ ಇನ್ನೊಂದು ಕೈ ಬೇಕಿತ್ತು ಎಂದು ಅಕ್ಕ ಅವರನ್ನು ಒಳಗೆ ಕರೆದಳು. ತಾವು ಆಮೇಲೆ ಬಸ್ಸಿನಲ್ಲಿ ಬರುವುದಾಗಿ ಹೇಳಿ ಅವರು ಸಂತೋಷದಿಂದ ಸೋಲಲು ಹೋದರು.

ಅತ್ತೆಯನ್ನು ಸಂಜೆ ಕರೆತಂದರಾಯಿತೆಂದು ಮಾವ, ಸೊಸೆ ಇಬ್ಬರೇ ಹೊರಟರು. ಖಾಲಿ ಕುರ್ಚಿ ನಡುವೆ. ಹುಟ್ಟು ಏಳುವ ಸದ್ದು, ಬೀಳುವ ಸದ್ದು. ಮಾವ ಈಗಲೂ ಮಾತಾಡುತ್ತಿರಲಿಲ್ಲ, ಆದರೆ ಆ ಮೌನದೊಳಗೆ ಗಾಳಿ ಆಡುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು ಕೆಮ್ಮಿದರು.

"ಅಲ್ಲಮ್ಮ, ದೋಣಿ ಅಂತ ಆದ್ಮೇಲೆ... ಅದನ್ನ ದಡದಲ್ಲಿ ಕಟ್ಟಿಹಾಕೋಕೆ ಏನಾದ್ರೂ ಕೇಳ್ಬೇಕಾ?"

ಸೊಸೆ ಹುಟ್ಟು ನಿಲ್ಲಿಸಿದಳು. ನಗು ತಡೆಯಲು ನೋಡಿದಳು, ಆಗಲಿಲ್ಲ.

"ಕೇಳ್ಬೇಕು ಮಾವ. ಎಲ್ಲರ ನೀರಲ್ವಾ? ಅರ್ಜಿ ಕೊಡ್ಬೇಕು."

"ಕೊಡೋಣ. ಷರತ್ತು?"

"ದಿನಗಟ್ಟಲೆ ಒಂದೇ ಕಡೆ ಕಟ್ಟಿಟ್ಟು ಕೂರೋ ಹಾಗಿಲ್ಲ. ಕೆಳಗೆ ಜೊಂಡು ಸಾಯುತ್ತೆ. ಹೊರಡ್ತಾ ಇರ್ಬೇಕು, ನೆರಳು ಸರೀತಾ ಇರ್ಬೇಕು."

ಮಾವ ನಾಲ್ಕು ಹುಟ್ಟು ಹಾಕುವವರೆಗೂ ಯೋಚಿಸಿದರು.

"ಹಂಗಾದ್ರೆ ನಿಮ್ಮತ್ತೇನ ದಿನಾ ಅಕ್ಕನ ಮನೆಗೆ ಬಿಟ್ಟು ಬರೋದೇ" ಎಂದರು. "ರೂಲ್ಸ್ ಅಂದ್ಮೇಲೆ ಏನ್ ಮಾಡೋಕಾಗುತ್ತೆ."

ಅವಳ ಕಾಲಿನ ಹತ್ತಿರ ಆ ಒಂದು ಒರಟು ಸಂದು ಇತ್ತು. ಬಗ್ಗಿ ನೋಡಿದಳು. ಕೆಳಗೆ ನೀರು ಓಡುತ್ತಿತ್ತು, ಅದರ ಮೇಲೆ ಬೆರಳಗಲದ ಬಿಸಿಲು ಅವರ ಜೊತೆಗೇ ಬರುತ್ತಿತ್ತು.